ತಾನೇ ತಿರುಗಿದ ಸ್ಟೇರಿಂಗ್

ಹೋದ ತಿಂಗಳು ಅಕ್ಕನ ಮಗಳ ಮದುವೆಗೆ ಸೀರೆ ತರಲು ಬೆಟಗೇರಿಗೆ ಹೋಗಿದ್ದೆವು. ಅಂಗಡಿಯಿಂದ ಹೊರಬಿದ್ದು ಆಟೋ ಹುಡುಕುತ್ತ ಒಂದು ಓಣಿಯ ಬಾಯಿಗೆ ಬಂದಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಬಿಸಿ ಎಣ್ಣೆಯ ವಾಸನೆ. ಅಡುಗೆ ಎಣ್ಣೆಯಲ್ಲ, ದೊಡ್ಡ ಯಂತ್ರಗಳ ಮೈಯೊಳಗೆಲ್ಲ ಸುತ್ತಾಡಿ ಕಾದು ಬಂದ ಹೈಡ್ರಾಲಿಕ್ ಎಣ್ಣೆ, ಅದರ ಹಿಂದೆಯೇ ಡೀಸೆಲ್ಲಿನಲ್ಲಿ ತೊಳೆದ ಉಕ್ಕಿನ ಕಮಟು. ಬೇರೆಯವರು ಮೂಗು ಮುಚ್ಚಿಕೊಂಡು ಹೋಗುವ ವಾಸನೆ ಅದು. ನಾನು ನಿಂತುಬಿಟ್ಟೆ. ಅಕ್ಕ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿ, ಯಾಕೆ, ಏನಾದರೂ ಮರೆತೆಯಾ ಎಂದು ಕೇಳಿದಳು. ಮರೆತಿರಲಿಲ್ಲ. ಕಡಲೆ ಹೂ ಬಿಡುವ ಕಾಲದಿಂದ ಬೇವು ಹೂ ಬಿಡುವ ಕಾಲದವರೆಗಿನ ಒಂದು ಚಳಿಗಾಲ ಇದ್ದಕ್ಕಿದ್ದಂತೆ ಆ ಓಣಿಯಿಂದ ಎದ್ದು ಬಂದಿತ್ತು.

ನನಗಾಗ ಇಪ್ಪತ್ತಾರು. ಊರು ಮುಳಗುಂದ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಮೂರು ವರ್ಷ ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ದುಡಿದು, ಆಮೇಲೆ ರಸ್ತೆ ಗುತ್ತಿಗೆಯ ಕಂಪನಿಯೊಂದಕ್ಕೆ ಸೇರಿದ್ದೆ. ಮುಂಡರಗಿಯಿಂದ ಕೊರ್ಲಹಳ್ಳಿಯ ಕಡೆಗೆ ಹೋಗುವ ರಸ್ತೆಯನ್ನು ಅಗಲ ಮಾಡುವ ಕೆಲಸ. ಮುಂಡರಗಿಯ ಹೊರಗೆ ಒಂದು ಎರೆ ಹೊಲವನ್ನು ಹಿಡಿದು ಅಲ್ಲಿ ತಗಡಿನ ಕ್ಯಾಂಪು ಹಾಕಿದ್ದರು. ಯಂತ್ರಗಳ ಉಸ್ತುವಾರಿ ನನ್ನದು: ಯಾವುದಕ್ಕೆ ಎಷ್ಟು ಎಣ್ಣೆ, ಯಾವುದರ ಫಿಲ್ಟರ್ ಯಾವಾಗ, ಯಾವುದು ಇವತ್ತು ನಡೆಯುತ್ತದೆ, ಯಾವುದು ನಿಲ್ಲುತ್ತದೆ. ಬೆಳಗ್ಗೆ ಹಲ್ಲು ಕಡಿಯುವ ಚಳಿ. ಹನ್ನೊಂದು ಗಂಟೆಗೆಲ್ಲ ಕಪ್ಪತಗುಡ್ಡದ ಕಡೆಯಿಂದ ಗಾಳಿ ಎದ್ದು, ಸಂಜೆಯವರೆಗೆ ಹಲ್ಲಿನ ಸಂದಿಯಲ್ಲೂ ಮಣ್ಣು.

ಆ ಕ್ಯಾಂಪಿನಲ್ಲಿ ನಾನೊಬ್ಬಳೇ ಹೆಂಗಸು ಅಧಿಕಾರಿ. ಮೊದಲ ವಾರ ಆಪರೇಟರುಗಳು ಏನೇ ಕೇಳಬೇಕಾದರೂ ನನ್ನ ತಲೆಯ ಮೇಲಿಂದ ಹಿಂದೆ ನಿಂತ ಫಿಟ್ಟರನನ್ನು ಕೇಳುತ್ತಿದ್ದರು. ಅದನ್ನು ನಿಲ್ಲಿಸಿದವನು ಮೈಲಾರಪ್ಪ. ಹಿರೇವಡ್ಡಟ್ಟಿಯವನು, ಐವತ್ತರ ಆಸುಪಾಸು, ಖಡಿ, ಅಂದರೆ ಜಲ್ಲಿಕಲ್ಲು, ತುಂಬುವ ದೊಡ್ಡ ಲೋಡರ್ ಅವನದು. ಒಂದು ಬೆಳಗ್ಗೆ ಎಲ್ಲರೂ ಕೂಡಿರುವ ಹೊತ್ತಿಗೆ ಕ್ಯಾಬಿನ್ನಿನಿಂದ ಇಳಿದು ನೇರ ನನ್ನ ಹತ್ತಿರ ಬಂದು, ಇವತ್ತು ಎಣ್ಣೆ ಎಷ್ಟು ಹಾಕಬೇಕು ಬಾಯಾರ, ಎಂದು ಮರ್ಯಾದೆಯಿಂದ ಕೇಳಿದ. ಎಷ್ಟು ಹಾಕಬೇಕೆಂದು ನನಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ನಾನು ಹೇಳಿದೆ. ಅವನು ತಲೆ ಆಡಿಸಿ ಹೋದ. ಮರುದಿನದಿಂದ ಉಳಿದವರೂ ನನ್ನನ್ನೇ ಕೇಳತೊಡಗಿದರು. ಈ ಉಪಕಾರವನ್ನು ಅವನು ಮಾಡಿದನೆಂದು ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ದ.

ಲೋಡರ್ ಎಂದರೆ ಆಳೆತ್ತರದ ನಾಲ್ಕು ಗಾಲಿಗಳ ಮೇಲೆ ನಿಂತ, ಮುಂದೆ ಭಾರೀ ಬಕೆಟ್ ಇರುವ ಯಂತ್ರ. ಅದರ ಮುಂದಿನ ಗಾಲಿಗಳು ಕಾರಿನ ಗಾಲಿಯಂತೆ ಓರೆಯಾಗುವುದಿಲ್ಲ; ಇಡೀ ಯಂತ್ರವೇ ನಡುವಿನಲ್ಲಿ ಮಡಚಿಕೊಂಡು ತಿರುಗುತ್ತದೆ. ಮಡಚುವುದು ಎರಡು ಸಿಲಿಂಡರುಗಳು. ಅವಕ್ಕೆ ಎಣ್ಣೆ ಕಳಿಸುವುದು ಸ್ಟೇರಿಂಗಿನ ಬುಡದಲ್ಲಿ ಕೂತ ಒಂದು ವಾಲ್ವು. ಚಾಲಕನ ಕೈಗೂ ನೆಲದ ಗಾಲಿಗೂ ನಡುವೆ ಕಬ್ಬಿಣದ ಸಂಬಂಧವೇ ಇಲ್ಲ, ಇರುವುದು ಎಣ್ಣೆ ಮಾತ್ರ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿ ಪಾಸಾಗಿದ್ದೆ. ತಿಳಿದುಕೊಂಡಿರಲಿಲ್ಲ.

ಒಂದು ದಿನ ಮಧ್ಯಾಹ್ನದ ಮೊದಲು, ಕ್ಯಾಂಪಿನಿಂದ ದೂರ ರಸ್ತೆಯ ಕೆಲಸದಲ್ಲಿದ್ದಾಗ, ಮೈಲಾರಪ್ಪನ ಲೋಡರಿನ ಸ್ಟೇರಿಂಗ್ ಪೈಪು ಒಡೆಯಿತು. ಪಂಪಿನಿಂದ ವಾಲ್ವಿಗೆ ಎಣ್ಣೆ ಒಯ್ಯುವ ಪೈಪು, ದಪ್ಪ ರಬ್ಬರಿನದು, ಒಳಗೆ ತಂತಿಯ ಹೆಣಿಗೆ ಇರುತ್ತದೆ. ನಮ್ಮ ಇನ್ನೊಂದು ಕ್ಯಾಂಪು ಲಕ್ಷ್ಮೇಶ್ವರದಲ್ಲಿತ್ತು. ಅಲ್ಲಿಂದ ಹೊರಟಿದ್ದ ಜೀಪಿನವನಿಗೆ ಫೋನ್ ಮಾಡಿ ಅದೇ ಅಳತೆಯ ಪೈಪು ಕತ್ತರಿಸಿ ತುದಿ ಕಟ್ಟಿಸಿಕೊಂಡು ಬರಲು ಹೇಳಿದೆ. ಅವನು ಪೈಪಿನ ಜೊತೆ ಅಂಗಡಿಯವನ ಮಾತನ್ನೂ ತಂದಿದ್ದ: ಒಳಗೆ ತೊಳೆದು, ಗಾಳಿ ಊದಿಸಿ ಹಾಕಿಕೊಳ್ಳಬೇಕಂತೆ. ಗಾಳಿ ಊದುವ ಯಂತ್ರ ಇದ್ದದ್ದು ಕ್ಯಾಂಪಿನಲ್ಲಿ. ಆ ಹೊತ್ತಿಗೆ ಶಿರಹಟ್ಟಿಯ ಕಡೆಯಿಂದ ಖಡಿ ತುಂಬಿಕೊಂಡು ಬಂದ ಏಳೆಂಟು ಟಿಪ್ಪರುಗಳು ರಸ್ತೆಯ ಮೇಲೆ ಸಾಲಾಗಿ ನಿಂತಿದ್ದವು; ಮೊದಲು ಸುರಿದ ಖಡಿಯನ್ನು ಲೋಡರ್ ಸರಿಸುವವರೆಗೆ ಅವಕ್ಕೆ ಸುರಿಯಲು ಜಾಗವಿರಲಿಲ್ಲ. ಮ್ಯಾನೇಜರ್ ಎರಡು ಸಲ ಫೋನ್ ಮಾಡಿದ್ದರು. ಮೈಲಾರಪ್ಪ ಪೈಪನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಒಳಗೆ ಇಣುಕಿ ನೋಡಿ, ಕ್ಯಾಂಪಿಗೆ ಒಯ್ದು ಊದಿಸಿಕೊಂಡೇ ಬರೋಣ ಎಂದ. ಹೊಸ ಪೈಪಿದೆಯಲ್ಲ, ಹಾಕಿಬಿಡು ಎಂದೆ ನಾನು. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಹಾಕಿದ. ಅರ್ಧ ಗಂಟೆಯಲ್ಲಿ ಲೋಡರ್ ಎದ್ದಿತು, ಟಿಪ್ಪರುಗಳು ಖಾಲಿಯಾದವು, ಮ್ಯಾನೇಜರ್ ನನಗೆ ಶಾಬಾಸ್ ಅಂದರು. ಸಂಜೆಗೆ ನಾನು ಆ ವಿಷಯವನ್ನೇ ಮರೆತೆ.

ಹತ್ತು ಹನ್ನೊಂದು ದಿನ ಎಲ್ಲವೂ ಸರಿಯಿತ್ತು.

ಆ ದಿನ ನಾನು ಕ್ಯಾಂಪಿನಲ್ಲಿದ್ದೆ. ಊಟದ ಹೊತ್ತು. ಕೊರ್ಲಹಳ್ಳಿಯ ದಾರಿಯಲ್ಲಿ ಒಂದು ಮೋರಿಗೆ ಅಡಿಪಾಯ ತೋಡಿದ್ದರು. ರಸ್ತೆಯ ಬಲಕ್ಕೆ ಆ ತಗ್ಗು. ಎಡಕ್ಕೆ ಸಿಮೆಂಟಿನ ದೊಡ್ಡ ಕೊಳವೆಗಳ ನೆರಳಿನಲ್ಲಿ ನಾಲ್ವರು ಹೆಣ್ಣಾಳುಗಳು ರೊಟ್ಟಿ ಗಂಟು ಬಿಚ್ಚಿ ಕೂತಿದ್ದರು. ಮೈಲಾರಪ್ಪ ಬಕೆಟ್ ತುಂಬ ಖಡಿ ಹೊತ್ತುಕೊಂಡು ಬಂದ. ನಡುವೆ ಒಂದು ಮಣ್ಣಿನ ಗುಡ್ಡೆ. ಅದನ್ನು ಬಳಸಲು ಸ್ವಲ್ಪ ಎಡಕ್ಕೆ ತಿರುಗಿಸಿದ. ತಿರುಗಿಸಿ ಕೈ ನಿಲ್ಲಿಸಿದ. ಯಂತ್ರ ನಿಲ್ಲಲಿಲ್ಲ. ಎಡಕ್ಕೆ, ಇನ್ನೂ ಎಡಕ್ಕೆ, ಆ ಹೆಂಗಸರು ಕೂತ ಕಡೆಗೆ ಮಡಚಿಕೊಳ್ಳುತ್ತಲೇ ಹೋಯಿತು. ಬ್ರೇಕ್ ಒತ್ತಿದರೂ ಅಷ್ಟು ಭಾರ ಖಡಿಯ ಮೇಲೆ ಜಾರುತ್ತದೆ. ಅವನು ತುಂಬಿದ ಬಕೆಟ್ಟನ್ನು ಒಮ್ಮೆಲೇ ನೆಲಕ್ಕೆ ಕೆಡವಿದ. ಬಕೆಟ್ಟಿನ ಹಲ್ಲು ನೆಲಕ್ಕೆ ಕಚ್ಚಿತು, ಮುಂಭಾಗ ಕೊಳವೆಗಳಿಗೆ ಒಂದು ಮಾರು ಈಚೆಗೆ ನಿಂತಿತು, ಹಿಂಭಾಗ ತೂಗಿ ಬಲಕ್ಕೆ ಜಾರಿ ಯಂತ್ರ ತಗ್ಗಿನೊಳಕ್ಕೆ ಒರಗಿತು. ಹೆಂಗಸರಿಗೆ ಒಂದು ಗೀರೂ ಆಗಲಿಲ್ಲ. ಮೈಲಾರಪ್ಪನ ಭುಜದ ಎಲುಬು, ಎರಡು ಪಕ್ಕೆಲುಬು ಮುರಿದವು.

ಸಂಜೆ ಯಂತ್ರವನ್ನು ಎತ್ತಿ ನಿಲ್ಲಿಸಿ ಕ್ಯಾಂಪಿಗೆ ತಂದರು. ಮರುದಿನ ಫಿಟ್ಟರ್ ಇಂಜಿನ್ ಚಾಲೂ ಮಾಡಿ ನನ್ನೆದುರಿಗೇ ಎಡಕ್ಕೆ ಹತ್ತು ಸಲ, ಬಲಕ್ಕೆ ಹತ್ತು ಸಲ ತಿರುಗಿಸಿದ. ಬೆಣ್ಣೆಯಂತೆ ತಿರುಗಿತು, ಕೈ ನಿಲ್ಲಿಸಿದಲ್ಲಿ ನಿಂತಿತು. ಮ್ಯಾನೇಜರ್ ನೋಡುತ್ತ ನಿಂತಿದ್ದರು. ಅವರು ಕೆಟ್ಟವರಲ್ಲ, ಅವಸರದ ಮನುಷ್ಯ. ಊಟದ ಹೊತ್ತು, ಬಿಸಿಲು, ತೂಕಡಿಸಿರುತ್ತಾನೆ, ಇನ್ನೇನು, ಎಂದರು. ಮಧ್ಯಾಹ್ನಕ್ಕೆ ಕಚೇರಿಯಿಂದ ವರದಿ ಬೆರಳಚ್ಚಾಗಿ ಬಂತು. ಅಪಘಾತದ ಕಾರಣ: ಚಾಲಕನ ಅಜಾಗರೂಕತೆ. ಕೆಳಗೆ ನನ್ನ ಸಹಿಗೆ ಜಾಗ. ಅದಕ್ಕೆ ಸಹಿ ಬಿದ್ದರೆ ಮೈಲಾರಪ್ಪನಿಗೆ ಈ ಕೆಲಸ ಹೋಗುವುದಷ್ಟೇ ಅಲ್ಲ, ಬೇರೆ ಯಾವ ಕಂಪನಿಯವರೂ ಮತ್ತೆ ಅವನ ಕೈಗೆ ಯಂತ್ರ ಕೊಡುವುದಿಲ್ಲ. ಅದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಸಹಿ ಮಾಡಲು ಪೆನ್ನು ತೆಗೆದಿದ್ದೆ ಕೂಡ. ಅವನನ್ನು ಒಂದು ಸಲ ಕೇಳಿ ಬಂದು ಮಾಡುತ್ತೇನೆ ಎಂದು ಕಾಗದ ಮಡಚಿಟ್ಟುಕೊಂಡೆ.

ಗದಗಿನ ಆಸ್ಪತ್ರೆಯಲ್ಲಿ ಅವನು ಎದೆಗೆಲ್ಲ ಪಟ್ಟಿ ಕಟ್ಟಿಸಿಕೊಂಡು ಒರಗಿ ಕೂತಿದ್ದ. ನನ್ನನ್ನು ಕಂಡು ಏಳಲು ಹೋದ. ಬೇಡವೆಂದೆ. ಏನಾಯಿತು ಹೇಳು ಎಂದೆ.

“ಸ್ಟೇರಿಂಗ್ ನನ್ನ ಕೈಯಾಗ ತಾನ ತಿರಗಾಕತ್ತಿತ್ರಿ ಬಾಯಾರ,” ಎಂದ. “ನಾ ಜಗ್ಗಿ ಹಿಡದೆ. ಅದರ ಜೋರ ನನಗಿಂತ ಹೆಚ್ಚಿತ್ತು.”

ಪರೀಕ್ಷೆ ಮಾಡಿದೆವು, ಎಲ್ಲ ಸರಿಯಿದೆ ಎಂದೆ. ಅವನು ಕಿಟಕಿಯ ಕಡೆಗೆ ಮುಖ ಮಾಡಿದ. ಆ ಹೆಂಗಸರಿಗೆ ಏನೂ ಆಗಿಲ್ಲವಲ್ಲ ಎಂದು ಮಾತ್ರ ಕೇಳಿದ.

ಹೊರಟಾಗ ಅವನ ಹೆಂಡತಿ ಕಾಳವ್ವ ವರಾಂಡದವರೆಗೂ ಹಿಂದೆ ಬಂದಳು. ಅಳುತ್ತಾಳೆ, ಕೈ ಮುಗಿಯುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

“ಇಪ್ಪತ್ತೆರಡ ವರ್ಷ ಆತ್ರಿ ಇವರು ಗಾಡಿ ಹೊಡ್ಯಾಕತ್ತು,” ಎಂದಳು. “ಸೂಟಿ ದಿವಸ ಮನ್ಯಾಗ ಮಧ್ಯಾನ ಸ್ವಲ್ಪ ಮಲಕೋರಿ ಅಂದ್ರೂ ಮಲಗೂದಿಲ್ಲ. ಅದನ್ನೂ ಬರೀರಿ ನಿಮ್ಮ ಕಾಗದದಾಗ.”

ಮುಂಡರಗಿಗೆ ತಿರುಗಿ ಹೋಗುವ ಬಸ್ಸಿನಲ್ಲಿ ಆ ಮಾತು ನನ್ನ ಜೊತೆಯಲ್ಲೇ ಬಂತು. ಮ್ಯಾನೇಜರ್ ಹತ್ತಿರ ಹೋಗಿ ವಾಲ್ವನ್ನು ಬಿಚ್ಚಿಸಿ ನೋಡಬೇಕೆಂದು ಕೇಳಿದೆ. ಹುಬ್ಬಳ್ಳಿಗೆ ಕಳಿಸಿದರೆ ತಿಂಗಳಾಗುತ್ತದೆ ಎಂದರು. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ವಿರೂಪಾಕ್ಷಪ್ಪ ಎನ್ನುವವರಿದ್ದಾರೆ, ಹೊಳೆಯ ಆಚೆಯಿಂದಲೂ ಅವರ ಹತ್ತಿರ ವಾಲ್ವು ಬರುತ್ತವೆ ಎಂದು ಫಿಟ್ಟರ್ ಹೇಳಿದ. ಸೋಮವಾರ ಸಹಿ ಆಗಿರಬೇಕು ಎಂಬ ಕರಾರಿನ ಮೇಲೆ ಮ್ಯಾನೇಜರ್ ಒಪ್ಪಿದರು. ಅಂದು ಶುಕ್ರವಾರ. ಫಿಟ್ಟರನ ಜೊತೆ ನಾನೇ ನಿಂತು ವಾಲ್ವು ಬಿಚ್ಚಿದೆ, ಎಣ್ಣೆ ಸೋರದಂತೆ ಅದರ ತೂತುಗಳಿಗೆಲ್ಲ ಬಟ್ಟೆ ತುರುಕಿದೆ, ಹಳೆಯ ಚಾದರಿನಲ್ಲಿ ಸುತ್ತಿದೆ. ಶನಿವಾರ ಬೆಳಗ್ಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಗದಗಿನ ಬಸ್ಸು ಹತ್ತಿದೆ. ಪಕ್ಕದ ಅಜ್ಜಿ, ಕೂಸಿನ ಮಾರಿ ಯಾಕೆ ಮುಚ್ಚಿದಿ, ಉಸಿರು ಕಟ್ಟತೈತಿ ಎನ್ನುತ್ತ ಚಾದರನ್ನು ಸ್ವಲ್ಪ ಸರಿಸಿ ನೋಡಿದವಳು, ಕಬ್ಬಿಣ ಕಂಡು ಬಾಯಿ ಮುಚ್ಚಿ ಕೂತಳು.

ವಿರೂಪಾಕ್ಷಪ್ಪನವರದು ನೇಕಾರರ ಮನೆ. ಅವರ ತಂದೆಯ ಕಾಲಕ್ಕೆ ಅಲ್ಲಿ ಎರಡು ಕುಣಿ ಮಗ್ಗಗಳಿದ್ದವು. ಇವರೂ ಮೂವತ್ತರವರೆಗೆ ಸೀರೆ ನೇಯ್ದವರೇ. ಆಮೇಲೆ ಹತ್ತಿ ಗಿರಣಿಯೊಂದರಲ್ಲಿ ಯಂತ್ರದ ಕೆಲಸಕ್ಕೆ ಸೇರಿ, ಅಲ್ಲಿ ಹೈಡ್ರಾಲಿಕ್ ಕಲಿತು, ಕೊನೆಗೆ ಮನೆಯ ಪಡಸಾಲೆಯಲ್ಲೇ ರಿಪೇರಿ ಹಾಕಿದ್ದರು. ಒಂದು ಮಗ್ಗದ ಕುಣಿಯ ಮೇಲೆ ಹಲಗೆ ಮುಚ್ಚಿ ಅದರ ಮೇಲೆ ಅವರ ಮೇಜು. ಎಪ್ಪತ್ತರ ಹತ್ತಿರದ ಮನುಷ್ಯ, ಬಿಳಿ ಬನಿಯನ್ನು, ಮೂಗಿನ ತುದಿಯಲ್ಲಿ ಕನ್ನಡಕ. ನಾನು ಚಾದರು ಬಿಚ್ಚಿದ ಕೂಡಲೇ ತೂತಿನಲ್ಲಿದ್ದ ಬಟ್ಟೆಯನ್ನು ಚಿಮಟದಲ್ಲಿ ಹಿಡಿದು ಮೆಲ್ಲಗೆ ಹೊರಗೆ ಎಳೆದರು, ಬೆಳಕಿಗೆ ಹಿಡಿದು ಅದರಿಂದ ಉದುರುವ ನೂಲಿನ ಚೂರುಗಳನ್ನು ನನಗೆ ತೋರಿಸಿದರು. ಬೈಯಲಿಲ್ಲ. ಕೈ ತೊಳೆದುಕೊಂಡು ಬಾ ಎಂದರು.

ಬಾಗಿಲು ಹಾಕಿ, ಧೂಳು ಕೂರಲೆಂದು ನೆಲಕ್ಕೆ ನೀರು ಚಿಮುಕಿಸಿ, ಮೇಜಿನ ಮೇಲೆ ರೇಷ್ಮೆಯ ಹಳೆಯ ತುಂಡೊಂದನ್ನು ಹಾಸಿದರು. ರೇಷ್ಮೆಗೆ ನೂಲು ಉದುರುವುದಿಲ್ಲ. ಆಮೇಲೆ ಒಂದೊಂದೇ ಬೋಲ್ಟು ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತ ಹೋದರು. ಅಂಗೈಗಿಂತ ಸ್ವಲ್ಪ ಉದ್ದದ ಒಂದು ಉಕ್ಕಿನ ನಳಿಗೆ, ಅದರೊಳಗೆ ಇನ್ನೊಂದು ನಳಿಗೆ. ಎರಡರ ಮೈಮೇಲೂ ಸಾಲು ಸಾಲು ಕಿಂಡಿ, ತೋಡು. ಕೊನೆಯಲ್ಲಿ ಏಳು ಗುಳಿಯ ಒಂದು ಉಂಗುರ, ಅದರೊಳಗೆ ಆರು ಹಲ್ಲಿನ ನಕ್ಷತ್ರದಂಥ ಗಾಲಿ. ಎರಡು ನಳಿಗೆಗಳನ್ನು ಒಂದರೊಳಗೊಂದು ಹಿಡಿದಿಟ್ಟ ತೆಳ್ಳನೆಯ ಪಟ್ಟಿ ಸ್ಪ್ರಿಂಗುಗಳು.

ಅವರು ಅದನ್ನು ವಿವರಿಸಿದ ರೀತಿಯನ್ನು, ಈಗ ಡಿಪ್ಲೊಮಾ ಓದುವವರಿಗೆ ಪಾಠ ಹೇಳುವ ನಾನು, ಇವತ್ತಿಗೂ ನನ್ನ ತರಗತಿಯಲ್ಲಿ ಹಾಗೆಯೇ ಹೇಳುತ್ತೇನೆ. ಒಳಗಿನ ನಳಿಗೆ ಸ್ಟೇರಿಂಗಿಗೆ ಕೂಡಿಕೊಂಡಿದೆ. ಚಾಲಕ ತಿರುಗಿಸಿದರೆ ಮೊದಲು ತಿರುಗುವುದು ಅದು. ಹೊರಗಿನದು ಇನ್ನೂ ನಿಂತಲ್ಲೇ ಇರುತ್ತದೆ. ಆಗ ಎರಡರ ಕಿಂಡಿಗಳು ಎದುರುಬದುರಾಗಿ ಎಣ್ಣೆಗೆ ದಾರಿ ತೆರೆಯುತ್ತದೆ. ಆ ಎಣ್ಣೆ ನೇರ ಸಿಲಿಂಡರಿಗೆ ಹೋಗುವುದಿಲ್ಲ. ನಕ್ಷತ್ರವನ್ನು ತಿರುಗಿಸಿಕೊಂಡು, ಸೇರಿನಲ್ಲಿ ಕಾಳು ಅಳೆದಂತೆ ಅಳೆಸಿಕೊಂಡು ಹೋಗುತ್ತದೆ. ನಕ್ಷತ್ರ ತಿರುಗಿದರೆ ಅದಕ್ಕೆ ಕೂಡಿದ ಹೊರಗಿನ ನಳಿಗೆಯೂ ತಿರುಗಿ ಒಳಗಿನದನ್ನು ಹಿಂಬಾಲಿಸುತ್ತದೆ. ಚಾಲಕ ಕೈ ನಿಲ್ಲಿಸಿದ ಕೂಡಲೇ ಹೊರಗಿನದು ಒಳಗಿನದನ್ನು ಹಿಡಿಯುತ್ತದೆ, ಸ್ಪ್ರಿಂಗು ಎರಡನ್ನೂ ಸಮಕ್ಕೆ ತರುತ್ತದೆ, ಕಿಂಡಿ ಮುಚ್ಚುತ್ತದೆ. ಯಂತ್ರ ಮಡಚುವುದು ಅಲ್ಲಿಗೆ ನಿಲ್ಲುತ್ತದೆ.

“ಒಳಗಿಂದು ನಿನ್ನ ಕೈ ಮಾತ ಕೇಳತೈತಿ, ಹೊರಗಿಂದು ಎಣ್ಣಿ ಮಾತ ಕೇಳತೈತಿ,” ಎಂದರು. “ಎರಡೂ ಒಂದಕ್ಕೊಂದು ಜಾರಬೇಕು. ಜಾರದ ಅಂಟಿಕೊಂಡ್ರ ಕಿಂಡಿ ಮುಚ್ಚೂದಿಲ್ಲ. ಎಣ್ಣಿ ತಿರಗಸ್ತನ ಇರತೈತಿ, ಸ್ಟೇರಿಂಗ್ ನಿನ್ನ ಕೈಯಾಗ ತಾನ ತಿರಗತೈತಿ.”

ಮೈಲಾರಪ್ಪ ಹೇಳಿದ್ದೂ ಅದೇ ಮಾತು. ನಾನು ಅವರಿಗೆ ಅದನ್ನು ಹೇಳಿಯೇ ಇರಲಿಲ್ಲ. ವಾಲ್ವು ಪರೀಕ್ಷಿಸಬೇಕು ಎಂದಷ್ಟೇ ಹೇಳಿದ್ದೆ.

ಅವರು ಒಳಗಿನ ನಳಿಗೆಯನ್ನು ಹೊರಗಿನದರಿಂದ ಎಳೆಯತೊಡಗಿದರು. ಎರಡರ ನಡುವಿನ ಸಂದು ಎಷ್ಟೆಂದರೆ, ಒಂದು ಕೂದಲನ್ನು ಉದ್ದಕ್ಕೆ ಹತ್ತು ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನಷ್ಟು. ಅರ್ಧ ಬಂದದ್ದು ಒಂದು ಕಡೆ ತಡೆಯಿತು. ಅವರು ಒತ್ತಾಯ ಮಾಡಲಿಲ್ಲ. ಕಣ್ಣು ಮುಚ್ಚಿ, ಬೆರಳ ತುದಿಯಲ್ಲಿ ಅತ್ತಿತ್ತ ಆಡಿಸಿ, ಎಲ್ಲಿ ತಡೆಯುತ್ತದೆ ಎಂದು ಕೇಳಿಸಿಕೊಳ್ಳುವವರ ಹಾಗೆ ತಲೆ ಬಾಗಿಸಿದರು. ಹೊರಬಂದಾಗ ಒಳಗಿನ ನಳಿಗೆಯ ಹೊಳೆಯುವ ಮೈಮೇಲೆ ಒಂದು ಉದ್ದನೆಯ ಗೀರು. ಗೀರಿನ ಕೊನೆಗೆ, ತೋಡಿನ ಅಂಚಿನಲ್ಲಿ, ರೆಪ್ಪೆಗೂದಲಿನಷ್ಟು ಸಣ್ಣ, ಕೊಂಕಿದ ಒಂದು ತಂತಿಯ ಚೂರು. ಚಿಮಟದಲ್ಲಿ ಅದನ್ನು ಎತ್ತಿ ರೇಷ್ಮೆಯ ಮೇಲೆ ಇಟ್ಟರು. ಯಂತ್ರ ತಗ್ಗಿಗೆ ಬಿದ್ದ ಏಟಿಗೆ ಅದು ಜಾಗ ಬಿಟ್ಟು ತೋಡಿಗೆ ಸರಿದಿರಬೇಕು, ಅದಕ್ಕೇ ಆಮೇಲೆ ನಿಮಗೆ ಸರಿ ಕಂಡಿತು ಎಂದರು. ಇನ್ನೊಂದು ತಿರುವಿಗೋ ಇನ್ನೊಂದು ದಿನಕ್ಕೋ ಮತ್ತೆ ಸಂದಿಗೆ ಬರುತ್ತಿತ್ತು.

ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಈಚೆಗೆ ಯಾವುದಾದರೂ ಪೈಪು ಬದಲಿಸಿದ್ದಿರಾ ಎಂದು ಕೇಳಿದರು. ತಂತಿ ಹೆಣೆದ ಪೈಪನ್ನು ಕತ್ತರಿಸುವಾಗ ಇಂಥ ಚೂರುಗಳು ಒಳಗೆ ಉಳಿಯುತ್ತವೆ. ಈ ಯಂತ್ರದಲ್ಲಿ ಎಣ್ಣೆಯ ಜರಡಿ ಇರುವುದು ವಾಪಸು ಬರುವ ದಾರಿಯಲ್ಲಿ. ಪಂಪಿಗೂ ವಾಲ್ವಿಗೂ ನಡುವೆ ತಡೆಯುವುದು ಏನೂ ಇಲ್ಲ. ಅದಕ್ಕೇ ತೊಳೆದು ಊದಿಸಿ ಹಾಕುವುದು.

ಎಲ್ಲ ಹೇಳಿದೆ: ಟಿಪ್ಪರುಗಳ ಸಾಲು, ಮ್ಯಾನೇಜರರ ಫೋನು, ಅಂಗಡಿಯವನ ಮಾತು, ಮೈಲಾರಪ್ಪನ ಮಾತು, ನನ್ನ ಮಾತು. ಚೀಲದಲ್ಲಿದ್ದ ವರದಿಯನ್ನೂ ತೆಗೆದು ಮೇಜಿನ ಮೇಲಿಟ್ಟೆ. ಅವರು ಓದಿದರು. ನನಗೆ ಸಮಾಧಾನ ಹೇಳಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ನಾನೇ, ಈಗ ಏನು ಬರೆಯಲಿ ಎಂದು ಕೇಳಿದೆ.

“ನಾ ಕಂಡದ್ದ ನಾ ಬರದ ಕೊಡ್ತೀನಿ ತಂಗಿ,” ಎಂದರು. “ನೀ ಕಂಡದ್ದ ನೀ ಬರಿ.”

ತಂತಿಯ ಚೂರನ್ನು ಒಂದು ಕಾಗದದಲ್ಲಿ ಮಡಚಿ ಅವರ ಒಂದು ಪುಟದ ಬರಹದ ಜೊತೆ ನನ್ನ ಕೈಗಿಟ್ಟರು. ಅವರ ಮನೆಯವರು ಒಳಗಿಂದ ಒಂದು ತಾಟಿನಲ್ಲಿ ಉಪ್ಪಿಟ್ಟು ತಂದುಕೊಟ್ಟರು. ನಾನು ಎರಡು ತುತ್ತು ತಿಂದು ತಾಟು ಕೆಳಗಿಟ್ಟೆ. ಆಕೆ ನೀರಿನ ತಂಬಿಗೆ ಹತ್ತಿರ ಸರಿಸಿದರು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ಮೈಲಾರಪ್ಪನ ಮುಂದೆ ಕಾಗದ ಬಿಚ್ಚಿ ತಂತಿ ತೋರಿಸಿದೆ. ಅವನು ಅದನ್ನು ನೋಡಿದ ರೀತಿಯಿಂದಲೇ ನನಗೆ ಗೊತ್ತಾಯಿತು, ಅವನಿಗೆ ಇದು ಮೊದಲೇ ಹೊಳೆದಿತ್ತು. ಹಾಗಾದರೆ ನಿನ್ನೆ ನಾನು ಬಂದಾಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ, ಯಾರ ಮೇಲಿನ ಸಿಟ್ಟೋ.

“ಒಂದ ಸಲ ಹೇಳಿದೆ, ನೀವು ಬ್ಯಾಡ ಅಂದ್ರಿ, ಬಿಟ್ಟೆ,” ಎಂದ. “ಗಾಡಿ ಹೊಡ್ಯಾವ ನಾನು. ಎರಡನೇ ಸಲ ಹೇಳಬೇಕಾಗಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು ಅಂತ ಕುಂತೀನ್ರಿ ಇಲ್ಲೆ.”

ಮಂಚದ ಪಕ್ಕ ಕೂತಿದ್ದ ಕಾಳವ್ವ ಅವನನ್ನೂ ನೋಡಿದಳು, ನನ್ನನ್ನೂ ನೋಡಿದಳು. ತಂಬಿಗೆ ತಗೊಂಡು ನೀರು ತರಲು ಎದ್ದು ಹೋದಳು. ಬಹಳ ಹೊತ್ತು ಬರಲಿಲ್ಲ. ನಾನು ಅಲ್ಲೇ ಮಂಚದ ತುದಿಯಲ್ಲಿ ಕೂತು, ಅವನ ಜ್ವರದ ಚಾರ್ಟಿನ ಹಲಗೆಯನ್ನೇ ಆಸರೆ ಮಾಡಿಕೊಂಡು ಹೊಸ ವರದಿ ಬರೆದೆ. ಪೈಪು ತೊಳೆಯದೆ ಹಾಕಲು ಆದೇಶ ಕೊಟ್ಟವಳು ನಾನು; ಚಾಲಕ ಎಚ್ಚರಿಸಿದ್ದ; ಕೊಳವೆಗಳ ಹತ್ತಿರ ಬಕೆಟ್ ಕೆಡವಿ ನಾಲ್ವರ ಜೀವ ಉಳಿಸಿದ. ಬರೆದದ್ದನ್ನು ಅವನಿಗೆ ಓದಿ ಹೇಳಿದೆ. ಕೊನೆಯ ಸಾಲು ತೆಗೆದುಹಾಕಿರಿ, ಯಾರಿದ್ದರೂ ಅದನ್ನೇ ಮಾಡುತ್ತಿದ್ದರು ಎಂದ. ತೆಗೆಯಲಿಲ್ಲ.

ಸೋಮವಾರ ಮ್ಯಾನೇಜರ್ ಅದನ್ನು ಎರಡು ಸಲ ಓದಿದರು. ಮೊದಲು ಕೂಗಾಡಿದರು. ನಿನ್ನ ಹೆಸರನ್ನು ನೀನೇ ಬರೆದುಕೊಂಡರೆ ಮೇಲಿನವರಿಗೆ ನಾನೇನು ಹೇಳಲಿ ಎಂದರು. ಆಮೇಲೆ ಕಾಗದದಲ್ಲಿದ್ದ ತಂತಿಯ ಚೂರನ್ನು ಉಗುರಿನಿಂದ ಮುಟ್ಟಿ ನೋಡಿದರು. ಆ ದಿನ ಎರಡು ಸಲ ಫೋನ್ ಮಾಡಿದ್ದು ನಾನೇ ಅಲ್ಲವೇ ಎಂದರು. ನಾನು ಅದನ್ನು ವರದಿಯಲ್ಲಿ ಬರೆದಿರಲಿಲ್ಲ. ಒಂದು ಪದವನ್ನೂ ಬದಲಿಸದೆ ಅದನ್ನು ಮೇಲಕ್ಕೆ ಕಳಿಸಿದರು. ನನಗೆ ಕೆಲಸ ಹೋಗಲಿಲ್ಲ. ಯಂತ್ರಗಳ ಉಸ್ತುವಾರಿ ಹೋಯಿತು. ಎರಡೂವರೆ ತಿಂಗಳು ಉಗ್ರಾಣದಲ್ಲಿ ಬೋಲ್ಟು, ಬೇರಿಂಗು ಎಣಿಸುತ್ತ ಕೂತೆ. ಮೈಲಾರಪ್ಪನ ಆಸ್ಪತ್ರೆಯ ಖರ್ಚನ್ನು ಕಂಪನಿ ನೋಡಿಕೊಂಡಿತು, ಅವನ ಹೆಸರಿಗೆ ಏನೂ ಅಂಟಲಿಲ್ಲ. ಅದಕ್ಕಿಂತ ಹೆಚ್ಚಿನದನ್ನು ನಾನು ಬಯಸಿರಲಿಲ್ಲ.

ಆದರೆ ಆ ಚಳಿಗಾಲ ನನಗೆ ಬಯಸದ್ದನ್ನೂ ಕೊಟ್ಟಿತು. ಮುಂದಿನ ಭಾನುವಾರ ನಾನು ಮತ್ತೆ ಬೆಟಗೇರಿಗೆ ಹೋಗಿ, ನನಗೆ ಈ ಕೆಲಸ ಕಲಿಸಿ ಎಂದು ಕೇಳಿದೆ. ವಿರೂಪಾಕ್ಷಪ್ಪನವರು ಯಾಕೆ ಎಂದು ಕೇಳಲಿಲ್ಲ. ಕೈ ತೊಳೆದುಕೊಂಡು ಬಾ ಎಂದರು. ಹೀಗೆ ಭಾನುವಾರ ಭಾನುವಾರ ಹೋದೆ. ದಾರಿಯ ಎರಡೂ ಕಡೆ ಕಡಲೆ ಕಿತ್ತಾಯಿತು, ಬಿಳಿಜೋಳ ತೆನೆ ಬಲಿಯಿತು, ಹಂತ ಹಂತವಾಗಿ ಹೊಲಗಳು ಬರಿದಾದವು. ಬಸ್ಸಿನ ಕಿಟಕಿಯಿಂದ ಅದನ್ನೆಲ್ಲ ನೋಡುತ್ತ ಹೋಗಿ, ಆ ಪಡಸಾಲೆಯಲ್ಲಿ ಸಂಜೆಯವರೆಗೆ ಕೂರುತ್ತಿದ್ದೆ. ಇಂಜಿನ್ ನಿಂತು ಪಂಪು ಸತ್ತರೂ ಚಾಲಕ ಬಲ ಹಾಕಿ ತಿರುಗಿಸಿದರೆ ಅದೇ ನಕ್ಷತ್ರ ಕೈಪಂಪಿನಂತೆ ಎಣ್ಣೆ ತಳ್ಳಿ ಯಂತ್ರವನ್ನು ಒಂದು ಬದಿಗೆ ಒಯ್ಯುತ್ತದೆ ಎಂಬುದನ್ನು ನನ್ನ ಕೈಯಿಂದಲೇ ಮಾಡಿಸಿ ತೋರಿಸಿದರು. ಬಕೆಟ್ಟೂ ಸ್ಟೇರಿಂಗೂ ಒಂದೇ ಹೊತ್ತಿಗೆ ಎಣ್ಣೆ ಕೇಳಿದರೆ ಮೊದಲು ಸ್ಟೇರಿಂಗಿಗೆ ಕೊಡುವ ಇನ್ನೊಂದು ವಾಲ್ವನ್ನು ಬಿಚ್ಚಿಸಿದರು. ಗೀರು ಬಿದ್ದ ನಮ್ಮ ನಳಿಗೆ ಕೆಲಸಕ್ಕೆ ಬರುವಂತಿರಲಿಲ್ಲ. ಎರಡೂ ನಳಿಗೆ ಜೋಡಿಯಾಗಿಯೇ ತಯಾರಾಗುವುದರಿಂದ ಜೋಡಿಯನ್ನೇ ತರಿಸಬೇಕು ಎಂದರು. ಅದು ಬರಲು ಮಾಘ ಮಾಸವೇ ಕಳೆಯಿತು.

ಜೋಡಿಸುವ ಕೆಲಸ ನನಗೆ ಕೊಟ್ಟರು. ನಕ್ಷತ್ರದ ಹಲ್ಲಿಗೂ ಅದನ್ನು ಹೊರಗಿನ ನಳಿಗೆಗೆ ಕೂಡಿಸುವ ದಂಡದ ಮೊಳೆಗೂ ಒಂದು ಲೆಕ್ಕವಿದೆ; ಒಂದು ಹಲ್ಲು ತಪ್ಪಿದರೂ ಎಣ್ಣೆ ಹೋಗಬೇಕಾದ ಕಡೆ ಹೋಗುವುದಿಲ್ಲ. ನಾನು ಎಲ್ಲ ಸರಿಯಾಗಿ ಮಾಡಿದೆ ಎಂದುಕೊಂಡು ಪರೀಕ್ಷೆಯ ಪಂಪಿಗೆ ಹಚ್ಚಿದೆ. ಹಚ್ಚಿದ ಕೂಡಲೇ ಯಾರೂ ಮುಟ್ಟದೆ ಸ್ಟೇರಿಂಗ್ ಗರಗರ ತಿರುಗತೊಡಗಿತು. ನಾನು ಹೆದರಿ ಹಿಂದೆ ಸರಿದೆ. ಅವರು ನಗುತ್ತ ಸ್ವಿಚ್ಚು ಆರಿಸಿದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಚಲೋ ಆತು,” ಎಂದರು. “ಇಲ್ಲೇ ತಪ್ಪಿದಿ. ಬಿಚ್ಚು.”

ಬಿಚ್ಚಿ ಮತ್ತೆ ಜೋಡಿಸಿದೆ. ಮೂರನೆಯ ಸಲಕ್ಕೆ ಸರಿಯಾಯಿತು. ಎಡಕ್ಕೆ ತಿರುಗಿಸಿ ಕೈ ನಿಲ್ಲಿಸಿದರೆ ಸೂಜಿ ಬಿದ್ದಷ್ಟು ಸದ್ದಿನಲ್ಲಿ ನಿಲ್ಲುತ್ತಿತ್ತು. ಅವರು ಮುಟ್ಟಿಯೂ ನೋಡಲಿಲ್ಲ. ಈ ಸಲ ತೂತುಗಳಿಗೆ ಹೊಸ ಮುಚ್ಚಳ ಹಾಕಿ, ರೇಷ್ಮೆಯಲ್ಲಿ ಸುತ್ತಿ ಕೊಟ್ಟರು.

ಯುಗಾದಿ ಮುಗಿದ ವಾರ ವಾಲ್ವನ್ನು ಲೋಡರಿಗೆ ಹಾಕಿದೆವು. ಬಿಸಿಲು ಆಗಲೇ ಉರಿಯುತ್ತಿತ್ತು. ಕ್ಯಾಂಪಿನ ಬೇವಿನ ಗಿಡದ ಹೂವು ಯಂತ್ರಗಳ ಮೇಲೆಲ್ಲ ಉದುರಿತ್ತು. ಹೊಸ ಪೈಪುಗಳನ್ನೆಲ್ಲ ನಾನೇ ನಿಂತು ತೊಳೆಸಿ, ಊದಿಸಿ, ಬಿಳಿ ಕಾಗದದ ಮೇಲೆ ಊದಿಸಿ ಮತ್ತೆ ನೋಡಿದೆ. ಯಂತ್ರ ಸಿದ್ಧವಾಯಿತು, ಹತ್ತುವವರು ಇರಲಿಲ್ಲ. ಅದರಲ್ಲೇನೋ ಹೊಕ್ಕಿದೆ ಎಂಬ ಮಾತು ಆಪರೇಟರುಗಳ ನಡುವೆ ಹಬ್ಬಿತ್ತು. ಒಬ್ಬ ಹೊಟ್ಟೆನೋವು ಎಂದ, ಇನ್ನೊಬ್ಬ ತನ್ನ ಯಂತ್ರವನ್ನೇ ಬಿಟ್ಟು ಬರಲಾರೆ ಎಂದ. ಮ್ಯಾನೇಜರ್ ಯಾರನ್ನೂ ಒತ್ತಾಯ ಮಾಡಲಿಲ್ಲ.

ಅಷ್ಟರಲ್ಲಿ ಹಿರೇವಡ್ಡಟ್ಟಿಯಿಂದ ಮೈಲಾರಪ್ಪ ಬಂದ. ಕೈಯಿನ್ನೂ ಜೋಳಿಗೆಯಲ್ಲಿತ್ತು, ಇನ್ನೊಂದು ತಿಂಗಳು ಯಂತ್ರ ಮುಟ್ಟಬಾರದೆಂದು ಡಾಕ್ಟರರು ಹೇಳಿದ್ದರು. ಸುಮ್ಮನೆ ಎಲ್ಲರನ್ನೂ ಮಾತಾಡಿಸಿ ಹೋಗಲು ಬಂದಿದ್ದನಂತೆ. ಲೋಡರನ್ನು ಸುತ್ತು ಹಾಕಿ ನೋಡಿದ, ಒಂದು ಕೈಯಿಂದಲೇ ಗಾಲಿಯ ಮೇಲಿನ ಧೂಳು ಒರೆಸಿದ. ವಾಲ್ವು ಕೂಡಿಸಿದವರು ಯಾರು ಎಂದು ಕೇಳಿದ. ಫಿಟ್ಟರ್ ನನ್ನ ಕಡೆ ಬೆರಳು ಮಾಡಿದ. ಮೈಲಾರಪ್ಪ ನನ್ನನ್ನು ಮೇಲಿಂದ ಕೆಳಕ್ಕೆ ಒಮ್ಮೆ ನೋಡಿದ.

“ಹಂಗಾರ ನೀವ ಹೊಡೀರಿ,” ಎಂದ. “ಮೋರಿ ತನಕಾ ಹೋಗೂಣು.”

ಕ್ಯಾಂಪಿನೊಳಗೆ ಅತ್ತಿತ್ತ ಆಡಿಸುವಷ್ಟು ಲೋಡರ್ ನಡೆಸಲು ನನಗೆ ಅವನೇ ಹಿಂದೆ ಕಲಿಸಿದ್ದ. ರಸ್ತೆಗೆ ಎಂದೂ ಒಯ್ದಿರಲಿಲ್ಲ. ಮ್ಯಾನೇಜರರ ಮುಖ ನೋಡಿದೆ, ಅವರು ತಲೆಯಾಡಿಸಿದರು. ಹತ್ತಿದೆ. ಇಂಜಿನ್ ಚಾಲೂ ಮಾಡಿದೆ. ಕ್ಯಾಂಪಿನ ಮಂದಿಯೆಲ್ಲ ದಾರಿಯಿಂದ ಸರಿದು, ಬಹಳ ದೂರ ಸರಿದು, ಬದುವಿನ ಮೇಲೆ ಹೋಗಿ ನಿಂತರು. ಮೈಲಾರಪ್ಪ ಸರಿಯಲಿಲ್ಲ. ಜೋಳಿಗೆಯ ಕೈಯನ್ನು ಎದೆಗೆ ಒತ್ತಿಕೊಂಡು ಯಂತ್ರದ ಮುಂದೆ ಬಂದು, ಬಕೆಟ್ಟಿಗೆ ನಾಲ್ಕು ಮಾರು ದೂರದಲ್ಲಿ, ರಸ್ತೆಯ ನಡುವೆ ನನಗೆ ಬೆನ್ನು ಮಾಡಿ ನಿಂತ. ಬೇಡ, ಪಕ್ಕಕ್ಕೆ ಸರಿ ಎಂದು ಕ್ಯಾಬಿನ್ನಿನಿಂದ ಕೂಗಿದೆ. ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಇದ್ದನೋ. ಮುಂದೆ ನಡೆದ.

ನಾನು ಅವನ ಹಿಂದೆ ಅಷ್ಟು ದೊಡ್ಡ ಯಂತ್ರವನ್ನು ಅವನ ನಡಿಗೆಯ ವೇಗದಲ್ಲಿ ಬಿಟ್ಟುಕೊಂಡು ಹೋದೆ. ಅವನು ಎಡಕ್ಕೆ ಹೊರಳಿದರೆ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ. ಕೈ ನಿಲ್ಲಿಸಿದಲ್ಲಿ ತಿರುವು ನಿಂತಿತು. ಮೋರಿಯ ಹತ್ತಿರ ದಾರಿ ಕಿರಿದಾಗುವಲ್ಲಿಯೂ ಅವನು ಬದಿಗೆ ಹೋಗಲಿಲ್ಲ. ಕ್ಯಾಂಪಿನಿಂದ ಅಲ್ಲಿಯವರೆಗೆ ಮುಕ್ಕಾಲು ಗಂಟೆಯ ದಾರಿ. ಅಷ್ಟು ದೂರವೂ ಅವನು ಒಂದೇ ಒಂದು ಸಲ ಹಿಂದೆ ತಿರುಗಿ ನೋಡಲಿಲ್ಲ.